ಕಾಮಕುರದ ಬೆಟ್ಟದ ಹಾದಿ

ಜಪಾನಿಗೆ ಹೋದವರು ಟೋಕಿಯೋ ನಗರದ ದೀಪಗಳ ಬೆರಗಿನಲ್ಲಿಯೇ ದಿನಗಳನ್ನು ಕಳೆದು ಮರಳುವುದುಂಟು. ಅಲ್ಲಿಂದ ರೈಲಿನಲ್ಲಿ ಸುಮಾರು ಒಂದು ಗಂಟೆಯ ದೂರದಲ್ಲಿ ಕಾಮಕುರ ಎಂಬ ಕಡಲತೀರದ ಊರಿದೆ. 1333ರವರೆಗೆ, ಒಂದೂವರೆ ಶತಮಾನದಷ್ಟು ಕಾಲ, ಸೇನಾಧಿಪತಿಗಳ ಆಳ್ವಿಕೆಗೆ ನೆಲೆಯಾಗಿದ್ದ ಊರು. ಮೂರು ಕಡೆ ಬೆಟ್ಟ, ಒಂದು ಕಡೆ ಸಮುದ್ರ. ಇದನ್ನು ಕಾಲ್ನಡಿಗೆಯಲ್ಲಿಯೇ ನೋಡಬೇಕು. ಅದೂ ಅಲ್ಲಿಯವರ ಜೊತೆಯಲ್ಲಿ.

ನನ್ನನ್ನು ಕರೆದೊಯ್ದವರು ಗೆಳೆಯ ದಂಪತಿಗಳು ಹಾಗೂ ಗೆಳೆಯನ ತಂದೆ. ಆ ಹಿರಿಯರಿಗೆ ಎಂಬತ್ತು ದಾಟಿದೆ. ಕೈಯಲ್ಲಿ ಊರುಗೋಲಿದ್ದರೂ ಏರುದಾರಿಯಲ್ಲಿ ಅವರೇ ಮುಂದೆ. ಬೆಂಗಳೂರಿನವನಾದ ನಾನು ಎಲ್ಲರಿಗಿಂತ ಹಿಂದೆ!

ಕಿತಾ-ಕಾಮಕುರ ನಿಲ್ದಾಣದ ಮಗ್ಗುಲಿಗೇ ಎಂಗಾಕುಜಿ ಎಂಬ ಝೆನ್ ವಿಹಾರ. ಮಂಗೋಲರ ದಂಡಯಾತ್ರೆಯಲ್ಲಿ ಮಡಿದ ತನ್ನವರಿಗಾಗಿ ಮಾತ್ರವಲ್ಲದೆ ಶತ್ರುಗಳ ಆತ್ಮಶಾಂತಿಗಾಗಿಯೂ ಹೋಜೋ ತೊಕಿಮುನೆ ಅದನ್ನು 1282ರಲ್ಲಿ ಸ್ಥಾಪಿಸಿದನು. ಗೆಳೆಯನು ಇದನ್ನು ವಿವರಿಸುತ್ತಿದ್ದಾಗ ಹಿರಿಯರು ಬಾಗಿಲ ಬಳಿ ಬಹಳ ಹೊತ್ತು ಕೈಮುಗಿದು ನಿಂತಿದ್ದರು.

ಜೋಚಿಜಿ ದೇವಾಲಯದ ಪಕ್ಕದಿಂದ ಮಹಾಬುದ್ಧನ ಕಡೆಗೆ ಸಾಗುವ ಕಾಲುದಾರಿ ಸುಮಾರು 3 ಕಿಲೋಮೀಟರು. ಉದ್ದವೇನಲ್ಲ, ಆದರೆ ಎಷ್ಟೋ ಕಡೆ ಮರದ ಬೇರುಗಳೇ ಮೆಟ್ಟಿಲು. ಮಧ್ಯಾಹ್ನ ನೆತ್ತಿಯ ಮೇಲೆ ಬುತ್ತಿ ಬಿಚ್ಚಿದೆವು. ಕಡಲಪಾಚಿಯ ಹಾಳೆಯಲ್ಲಿ ಸುತ್ತಿದ ಅನ್ನದ ಉಂಡೆ, ಅದರೊಳಗೆ ಉಪ್ಪಿನಲ್ಲಿ ನೆನೆದ ಉಮೆ ಎಂಬ ಹುಳಿಹಣ್ಣು. ನಮ್ಮ ಉಪ್ಪಿನಕಾಯಿಯ ದೂರದ ನಂಟನೇ ಸರಿ.

"ನನ್ನ ತಂದೆ ನಿಮ್ಮ ದೇಶದಲ್ಲಿದ್ದಾರೆ" ಎಂದರು ಹಿರಿಯರು, ಊಟದ ನಡುವೆ. ಮಗ ಅನುವಾದಿಸಿದ.

1944ರ ಇಂಫಾಲ ಯುದ್ಧ. ಗುಂಡಿಗಿಂತ ಹಸಿವು, ರೋಗಗಳಿಗೇ ಜಪಾನೀ ಸೈನಿಕರು ಹೆಚ್ಚಾಗಿ ಬಲಿಯಾದ ಕಾಳಗವದು. ಆಗ ಇವರು ತೊಟ್ಟಿಲ ಕೂಸು. ಯುದ್ಧ ಮುಗಿದ ಮೇಲೆ ಮನೆಗೆ ಒಂದು ಮರದ ಪೆಟ್ಟಿಗೆ ಬಂದಿತು. ಅದರೊಳಗೆ ಹೆಸರು ಬರೆದ ಚೀಟಿಯೊಂದೇ ಇದ್ದಿತು. ಯಾವ ಬೆಟ್ಟ, ಯಾವ ಹೊಳೆಯ ದಡವೆಂದು ತಾಯಿಗೆ ಕೊನೆಯವರೆಗೂ ತಿಳಿಯಲಿಲ್ಲವಂತೆ. ನಾನು ಉಂಡೆಯನ್ನು ಕೈಯಲ್ಲಿ ಹಿಡಿದೇ ಕುಳಿತೆ.

ಇಳಿಜಾರಿನಲ್ಲಿ ಬಂಡೆ ಕೊರೆದ ಸುರಂಗದಾಚೆ ಝೆನಿಅರಾಯ್ ಬೆಂತೆನ್ ಗುಡಿ. ಬೆಂತೆನ್ ಬೇರೆ ಯಾರೂ ಅಲ್ಲ, ಬೌದ್ಧಧರ್ಮದೊಡನೆ ಚೀನಾದ ಹಾದಿಯಾಗಿ ಅಲ್ಲಿಗೆ ತಲುಪಿದ ನಮ್ಮ ಸರಸ್ವತಿ. ಆದರೆ ಇಲ್ಲಿ ಲಕ್ಷ್ಮಿಯ ಖಾತೆಯನ್ನೂ ಆಕೆಯೇ ವಹಿಸಿಕೊಂಡಂತಿದೆ! ಗುಹೆಯ ಚಿಲುಮೆಯಲ್ಲಿ ಹಣವನ್ನು ಪುಟ್ಟ ಬುಟ್ಟಿಯಲ್ಲಿಟ್ಟು ತೊಳೆದು ಖರ್ಚು ಮಾಡಿದರೆ ಅದು ಹಲವು ಪಟ್ಟಾಗಿ ಮರಳುವುದೆಂದು ನಂಬಿಕೆ. ಜನ ನೋಟುಗಳನ್ನೂ ತೊಳೆದು ಜೋಪಾನವಾಗಿ ಒಣಗಿಸುತ್ತಿದ್ದರು.

ಹಿರಿಯರು ತೊಳೆದದ್ದು ನಡುವೆ ತೂತಿರುವ 5 ಯೆನ್ನಿನ ಒಂದೇ ನಾಣ್ಯ. 'ಗೊ-ಎನ್' ಎಂಬ ಅದರ ಉಚ್ಚಾರಕ್ಕೆ ಋಣಾನುಬಂಧವೆಂಬ ಅರ್ಥವೂ ಇದೆ. ಒರೆಸಿ ನನ್ನ ಅಂಗೈಯಲ್ಲಿಟ್ಟರು. ಇಂಫಾಲದ ಯಾವುದಾದರೂ ಹೊಳೆಯಲ್ಲಿ ಬಿಡಬೇಕಂತೆ. ಬೆಂಗಳೂರಿಗೂ ಮಣಿಪುರಕ್ಕೂ ಇರುವ ದೂರವನ್ನು ವಿವರಿಸಲು ಬಾಯಿ ಬರಲಿಲ್ಲ. ಒಪ್ಪಿಕೊಂಡೆ.

ಸಂಜೆಯ ಬಿಸಿಲಿನಲ್ಲಿ ಮಹಾಬುದ್ಧನನ್ನು ಕಂಡೆವು. 1252ರಲ್ಲಿ ಕೆಲಸ ಆರಂಭವಾದ ಕಂಚಿನ ಮೂರ್ತಿ. ಪೀಠ ಬಿಟ್ಟು 11 ಮೀಟರಿಗೂ ಮಿಗಿಲಾದ ಎತ್ತರ, 121 ಟನ್ ತೂಕ. ಗುಡಿ ಕುಸಿದು ಶತಮಾನಗಳೇ ಕಳೆದಿವೆ. ದೇವರು ಬಯಲಿನಲ್ಲಿ ಮಳೆಬಿಸಿಲಿಗೆ ಒಡ್ಡಿಕೊಂಡು ಕುಳಿತಿದ್ದಾನೆ. ಪಕ್ಕದ ಗೋಡೆಯ ಮೇಲೆ ಆಳುದ್ದದ ಹುಲ್ಲಿನ ಪಾದರಕ್ಷೆಗಳು. ಬುದ್ಧನು ಇವನ್ನು ಮೆಟ್ಟಿ, ಯುದ್ಧದಿಂದ ಕಂಗೆಟ್ಟ ನಾಡನ್ನು ಸುತ್ತಿಬರಲೆಂದು ಇಬರಾಕಿ ಪ್ರಾಂತ್ಯದ ಮಕ್ಕಳು 1951ರಲ್ಲಿ ಮೊದಲು ಹೆಣೆದು ಅರ್ಪಿಸಿದರಂತೆ. ಹಿರಿಯರು ಅದರ ಉದ್ದವನ್ನು ಊರುಗೋಲಿನಿಂದ ಅಳೆದು ನಕ್ಕರು.

ರೈಲು ಹೊರಡುವ ಮುನ್ನ ನನ್ನ ಅಂಗಿಯ ಜೇಬನ್ನು ಮೆಲ್ಲನೆ ಮುಟ್ಟಿ ನೋಡಿದರು, ನಾಣ್ಯವಿದೆಯೇ ಎಂದು.