ಮೊಹರಿಲ್ಲದ ಸಾಕ್ಷ್ಯ

"ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು" ಎಂಬ ಗಾದೆ ಅಕ್ಷರ ಬಾರದವರ ಬಾಯಲ್ಲಿಯೂ ಇದೆ. ಕೆರಗೋಡಿನ ಕಡೆಯ ನಮ್ಮ ಹಳ್ಳಿಯಲ್ಲಿ ನನ್ನ ತಾಯಿ ಹೆಬ್ಬೆಟ್ಟು ಒತ್ತುವವಳು. ಆದರೂ ಡೇರಿಗೆ ಹಾಲು ಹಾಕುವಾಗ, ಸ್ಯಾಂಪಲ್ಲು ತೆಗೆದುದು ತನ್ನ ಹಾಲಿನಿಂದಲೇ ಹೌದೆ, ಅದಕ್ಕೆ ತನ್ನ ನಂಬರೇ ಬಿತ್ತೆ ಎಂದು ನೋಡದೆ ಅಲ್ಲಿಂದ ಕದಲುವುದಿಲ್ಲ. ಸ್ಯಾಂಪಲ್ಲೇ ಅದಲುಬದಲಾದ ಮೇಲೆ ಯಂತ್ರ ಎಷ್ಟು ಸರಿಯಾಗಿ ಅಳೆದರೇನು? ಮುಂಬಯಿಯ ರೈಲು ಸ್ಫೋಟದ ತೀರ್ಪಿನ ವಿಚಾರವನ್ನು ಓದಿದಾಗ ನನಗೆ ನೆನಪಾದುದು ಅವ್ವನ ಈ ಎಚ್ಚರಿಕೆಯೇ.

2006ನೆಯ ಜುಲೈ 11ರ ಸಂಜೆ, ಕೆಲಸ ಮುಗಿಸಿ ಮನೆಗೆ ಮರಳುತ್ತಿದ್ದವರು ಕಿಕ್ಕಿರಿದಿದ್ದ ಪಶ್ಚಿಮ ರೈಲ್ವೆಯ ಲೋಕಲ್ ಗಾಡಿಗಳಲ್ಲಿ ಕೆಲವೇ ನಿಮಿಷಗಳೊಳಗೆ ಏಳು ಬಾಂಬುಗಳು ಸಿಡಿದುವು. 180ಕ್ಕೂ ಹೆಚ್ಚು ಮಂದಿ ಮಡಿದರು. 800ಕ್ಕೂ ಹೆಚ್ಚು ಮಂದಿ ಗಾಯಗೊಂಡರು. 2015ರಲ್ಲಿ ವಿಶೇಷ ನ್ಯಾಯಾಲಯವು ಐವರಿಗೆ ಮರಣದಂಡನೆಯನ್ನೂ ಏಳು ಮಂದಿಗೆ ಜೀವಾವಧಿ ಶಿಕ್ಷೆಯನ್ನೂ ವಿಧಿಸಿತು. ಹತ್ತು ವರ್ಷಗಳ ಅನಂತರ, 2025ನೆಯ ಜುಲೈ 21ರಂದು, ಮುಂಬಯಿ ಉಚ್ಚ ನ್ಯಾಯಾಲಯವು ಆ ಹನ್ನೆರಡು ಮಂದಿಯನ್ನೂ ನಿರ್ದೋಷಿಗಳೆಂದು ಸಾರಿತು. ಅವರಲ್ಲೊಬ್ಬರು 2021ರಲ್ಲಿಯೇ, ಸೆರೆಯಲ್ಲಿದ್ದಾಗಲೇ, ತೀರಿಕೊಂಡಿದ್ದರು.

ಇದಕ್ಕೆ ಕಾರಣವೇನು? ಸ್ಫೋಟಕಗಳು, ಸರ್ಕಿಟ್ ಬೋರ್ಡುಗಳು, ಕುಕ್ಕರುಗಳು ಸಿಕ್ಕಿದುವೆಂದು ಪೊಲೀಸರು ಹೇಳಿದ್ದರು. ಸಿಕ್ಕಿದ ವಸ್ತುವಿಗೆ ಸರಿಯಾಗಿ ಮೊಹರು ಬಿದ್ದಿತ್ತೆ, ಪ್ರಯೋಗಾಲಯವನ್ನು ಮುಟ್ಟುವ ತನಕ ಅದು ಯಾರ ಯಾರ ವಶದಲ್ಲಿತ್ತು ಎಂಬ ಸರಪಣಿ ಎಲ್ಲಿಯೂ ಕಡಿಯಲಿಲ್ಲವೆ ಎಂಬುದನ್ನು ಅವರು ರುಜುವಾತುಪಡಿಸಲಾರದೆ ಹೋದರು. ಯಾವ ಬಗೆಯ ಬಾಂಬು ಸಿಡಿಯಿತೆಂಬುದೂ ಸಿದ್ಧವಾಗಲಿಲ್ಲ. ಬಾಂಬಿನ ಜಾತಿಯೇ ತಿಳಿಯದಿದ್ದರೆ, ಮನೆಯಲ್ಲಿ ಸಿಕ್ಕಿದ ಪುಡಿಗೂ ಗಾಡಿಯಲ್ಲಿ ಸಿಡಿದ ಸಾವಿಗೂ ಗಂಟು ಹಾಕುವುದು ಹೇಗೆ? ಗುರುತು ಹಿಡಿದವರ ಮಾತು, ತಪ್ಪೊಪ್ಪಿಗೆಯ ಹೇಳಿಕೆಗಳು ಕೂಡ ನ್ಯಾಯಾಧೀಶರ ಪರೀಕ್ಷೆಯಲ್ಲಿ ನಿಲ್ಲಲಿಲ್ಲ.

ಈ ಕಥೆಯಲ್ಲಿ ನಮ್ಮ ನಾಡಿನ ಪಾಲೂ ಇದೆ. ಈ ಮೊಕದ್ದಮೆಯ ಕೆಲವು ಆರೋಪಿಗಳನ್ನು ಮದ್ದು ಚುಚ್ಚಿ ಅರೆನಿದ್ದೆಯಲ್ಲಿ ಪ್ರಶ್ನಿಸುವ ನಾರ್ಕೋ ಪರೀಕ್ಷೆಗೆ ಬೆಂಗಳೂರಿಗೇ ಕರೆತಂದಿದ್ದರು. ಮುಂದೆ, ಸೆಲ್ವಿ ವಿರುದ್ಧ ಕರ್ನಾಟಕ ರಾಜ್ಯ ಎಂಬ ಮೊಕದ್ದಮೆಯಲ್ಲಿ, 2010ನೆಯ ಮೇ 5ರಂದು, ಒಪ್ಪಿಗೆಯಿಲ್ಲದೆ ಯಾರನ್ನೂ ಇಂಥ ಪರೀಕ್ಷೆಗೆ ಒಡ್ಡಕೂಡದೆಂದು ಸರ್ವೋಚ್ಚ ನ್ಯಾಯಾಲಯವು ವಿಧಿಸಿತು. ಪ್ರಯೋಗಾಲಯ, ಸೂಜಿ, ಬಿಳಿಯ ಅಂಗಿ ಇವಿಷ್ಟರಿಂದಲೇ ವಿಜ್ಞಾನವಾಗಲಾರದು. ಸಂಶಯಕ್ಕೆ ಉತ್ತರ ಕೊಡಬಲ್ಲದ್ದೇ ವಿಜ್ಞಾನ.

"ಇಷ್ಟು ಸೂಕ್ಷ್ಮ ಹಿಡಿದರೆ ಪಾತಕಿಗಳು ಪಾರಾಗುವುದಿಲ್ಲವೆ?" ಎಂದು ಗೆಳೆಯರು ಕೇಳುತ್ತಾರೆ. ಆ ಮಾತಿನ ಹಿಂದಿನ ಸಂಕಟ ಸುಳ್ಳಲ್ಲ. ಆದರೆ ಪಾತಕಿಗೆ ಅನುಕೂಲವಾಗುವುದು ಮೊಹರನ್ನು ಕೇಳುವುದರಿಂದಲ್ಲ, ಮೊಹರು ಹಾಕದೆ ಹೋದುದರಿಂದ. ಹಿಡಿದವರು ನಿರಪರಾಧಿಗಳಾದರೆ ನಿಜವಾದ ಕೊಲೆಗಾರ ಹತ್ತೊಂಬತ್ತು ವರ್ಷ ನೆಮ್ಮದಿಯಾಗಿದ್ದನೆಂದಾಯಿತು. ಹಿಡಿದವರೇ ಅಪರಾಧಿಗಳಾಗಿದ್ದರೆ, ಅಜಾಗರೂಕತೆಯೇ ಅವರಿಗೆ ಬಾಗಿಲು ತೆರೆಯಿತೆಂದಾಯಿತು. ಎರಡು ಬಗೆಯಲ್ಲಿಯೂ ನಷ್ಟ ಸತ್ತವರ ಮನೆಯವರಿಗೇ. ಮಗನನ್ನು ಕೊಂದವರಾರೆಂದು ಕೇಳುವ ತಾಯಿಗೆ ಇನ್ನೂ ಉತ್ತರವಿಲ್ಲ.

ಸರ್ಕಾರವು ಮೇಲ್ಮನವಿ ಸಲ್ಲಿಸಿತು. 2025ನೆಯ ಜುಲೈ 24ರಂದು ಸರ್ವೋಚ್ಚ ನ್ಯಾಯಾಲಯವು ಆ ತೀರ್ಪನ್ನು ಬೇರೆ ಮೊಕದ್ದಮೆಗಳಿಗೆ ಮೇಲ್ಪಂಕ್ತಿಯಾಗಿ ಬಳಸದಂತೆ ತಡೆದರೂ, ಬಿಡುಗಡೆಯಾದವರನ್ನು ಮರಳಿ ಸೆರೆಗೆ ಕಳುಹಿಸಲಿಲ್ಲ. ಕಡೆಯ ಮಾತನ್ನು ಹೇಳಬೇಕಾದವರು ನ್ಯಾಯಾಧೀಶರೇ ಹೊರತು ನನ್ನಂಥ ಬಿ.ಎ. ವಿದ್ಯಾರ್ಥಿಯಲ್ಲ.

ಆದರೆ ನಾವು ಮಾಡಬಹುದಾದುದೂ ಒಂದಿದೆ. ನಮ್ಮಲ್ಲಿ ಹಲವರು ನಾಳೆ ಪೊಲೀಸ್ ಇಲಾಖೆಗೋ ಕಚೇರಿಗಳಿಗೋ ಪತ್ರಿಕೆಗಳಿಗೋ ಸೇರುವವರು. ಬಂಧನದ ಸುದ್ದಿಯನ್ನೇ ತೀರ್ಪೆಂದು ಓದುವ ಚಾಳಿಯನ್ನು ಬಿಡೋಣ. ಯಾವ ಕಾಗದಕ್ಕೆ ಸಹಿ ಹಾಕುವಾಗಲೂ, ಇದರ ಮೇಲೆ ಒಬ್ಬನ ಜೀವ ನಿಂತೀತು ಎಂದು ಒಮ್ಮೆ ನೆನೆಯೋಣ. ಒಂದು ಲೀಟರು ಹಾಲಿಗೆ ನನ್ನ ತಾಯಿ ತೋರುವ ಎಚ್ಚರಿಕೆಯನ್ನು, ಹನ್ನೆರಡು ಜೀವಗಳ ವಿಷಯದಲ್ಲಿ, ಆ ಸಂಜೆ ಅಳಿದ ಅಷ್ಟೂ ಜೀವಗಳ ವಿಷಯದಲ್ಲಿ, ದೇಶವು ತೋರಬಾರದೆ?