ಹಾಡುತ್ತ ಹೋರಾಡಿದ ಸಂಸಾರಿ



ಪರಿಸರ ಹೋರಾಟಗಾರ ಎಂದೊಡನೆ ನಮ್ಮ ಕಣ್ಣಮುಂದೆ ನಿಲ್ಲುವುದು ಉಪವಾಸದಿಂದ ಕೃಶವಾದ ದೇಹ, ಗಂಭೀರ ಮುಖ, ಮನೆಮಠ ತೊರೆದ ಬದುಕು. ಅಂತಹ ತ್ಯಾಗಿಗಳ ಋಣ ನಮ್ಮೆಲ್ಲರ ಮೇಲಿದೆ. ಆದರೆ ಗುಡ್ಡಗಾಡಿನ ಚಳವಳಿಗಳನ್ನು ವರ್ಷಾನುಗಟ್ಟಲೆ ಜೀವಂತವಾಗಿರಿಸಿದವರಲ್ಲಿ ಇನ್ನೊಂದು ಬಗೆಯವರೂ ಇದ್ದರು. ಸಂಸಾರ, ನೌಕರಿ, ನೆರೆಹೊರೆ ಎಲ್ಲವನ್ನೂ ಇಟ್ಟುಕೊಂಡೇ, ನಗುತ್ತ ನಗಿಸುತ್ತ, ಹಾಡುತ್ತ, ನಾಟಕವಾಡಿಸುತ್ತ ಜನರ ನಡುವೆ ಬಾಳಿದವರು ಅವರು. ಉತ್ತರಾಖಂಡದ ಕುಮಾವೂಂ ಬೆಟ್ಟಗಳ ಗಿರೀಶ್ ತಿವಾರಿ ಅಂಥವರಲ್ಲೊಬ್ಬರು. ಅಲ್ಲಿನ ಜನ ಅವರನ್ನು ‘ಗಿರ್ದಾ’ ಎಂದೇ ಕರೆದರು. ‘ದಾ’ ಎಂದರೆ ಅಣ್ಣ. 2010ರ ಆಗಸ್ಟ್ 22ರಂದು ಅವರು ಕಣ್ಮುಚ್ಚಿದರು. ಬೆಟ್ಟದ ಜನರಾದ ನಾವು ಅವರನ್ನು ನೆನೆಯಲು ಕಾರಣಗಳಿವೆ.

ಅಲ್ಮೋರಾ ಜಿಲ್ಲೆಯ ಜ್ಯೋಲಿ ಎಂಬ ಹಳ್ಳಿಯಲ್ಲಿ 1945ರಲ್ಲಿ ಹುಟ್ಟಿದ ಗಿರ್ದಾ, ಯೌವನದಲ್ಲಿ ಬೆಟ್ಟದಿಂದಿಳಿದು ತರಾಯಿಯ ಊರುಗಳಲ್ಲಿ ರಿಕ್ಷಾ ಎಳೆದು ಹೊಟ್ಟೆ ಹೊರೆದವರು. ಮುಂದೆ 1967ರಲ್ಲಿ ನೈನಿತಾಲಿನಲ್ಲಿ ಕೇಂದ್ರ ಸರಕಾರದ ಗೀತ ಮತ್ತು ನಾಟಕ ವಿಭಾಗವನ್ನು ಸೇರಿದರು. ಸರಕಾರದ ಯೋಜನೆಗಳನ್ನು ಹಾಡಿ ಪ್ರಚಾರ ಮಾಡುವುದು ಆ ವಿಭಾಗದ ಕೆಲಸವಾಗಿತ್ತು. ಅಲ್ಲಿಂದಲೇ ಸಂಬಳ ಪಡೆಯುತ್ತಿದ್ದ ಸಂಸಾರಿಯೊಬ್ಬ ಸರಕಾರದ ಅರಣ್ಯ ನೀತಿಯ ವಿರುದ್ಧ ಬೀದಿಯಲ್ಲಿ ನಿಂತು ಹಾಡುವುದೆಂದರೆ ಅದರ ಅಪಾಯವನ್ನು ನೌಕರಿಯಲ್ಲಿರುವ ನಮ್ಮ ಓದುಗರು ಬಲ್ಲರು. 1977ರಲ್ಲಿ ನೈನಿತಾಲಿನಲ್ಲಿ ಕಾಡಿನ ಹರಾಜು ನಡೆಯಲಿದ್ದಾಗ ಗಿರ್ದಾ ಹುಡ್ಕಾ ಎಂಬ ಕೈವಾದ್ಯವನ್ನು ನುಡಿಸುತ್ತ ಬೀದಿಗಿಳಿದರು. ಹಳೆಯ ಕುಮಾವೂಂನಿ ಕವಿ ಗೌರ್ದಾ ಅವರ ಮರಗಳ ಅಳಲಿನ ಕವಿತೆಗೆ ಹೊಸ ಉಸಿರಿತ್ತು ಹಾಡಿದರು. ಹಿಮಾಲಯವೇ ಮಕ್ಕಳನ್ನು ಕೂಗಿ ಎಬ್ಬಿಸುವಂತಹ ತಮ್ಮದೇ ಗೀತೆಯನ್ನೂ ಕಟ್ಟಿದರು. ಚಿಪ್ಕೋ ಚಳವಳಿಯ ಮಾತನ್ನು ನೈನಿತಾಲಿನ ವಿದ್ಯಾರ್ಥಿಗಳ ಬಾಯಿಗೆ ತಂದುದು ಇಂತಹ ಹಾಡುಗಳು. 1984ರಲ್ಲಿ ಹೆಂಡದ ವಿರುದ್ಧ ‘ನಶೆ ಬೇಡ, ಉದ್ಯೋಗ ಕೊಡಿ’ ಎಂದು ಬೆಟ್ಟಗಳು ಎದ್ದಾಗಲೂ ಅವರ ದನಿ ಮುಂದಿತ್ತು.

ರಂಗಭೂಮಿ ಅವರಿಗೆ ಇನ್ನೊಂದು ಮನೆ. ನೈನಿತಾಲಿನ ‘ಯುಗಮಂಚ’ ತಂಡವನ್ನು ಕಟ್ಟಿದವರಲ್ಲಿ ಅವರೂ ಒಬ್ಬರು. ಭಾರತೇಂದು ಹರಿಶ್ಚಂದ್ರರ ‘ಅಂಧೇರ್ ನಗರೀ’, ಧರ್ಮವೀರ ಭಾರತಿಯವರ ‘ಅಂಧಾ ಯುಗ’ ನಾಟಕಗಳನ್ನು ಊರಿನ ಹುಡುಗ ಹುಡುಗಿಯರಿಂದ ಆಡಿಸಿದರು. ‘ನಗಾರೇ ಖಾಮೋಶ್ ಹೈಂ’, ‘ಧನುಷ್ ಯಜ್ಞ’ಗಳನ್ನು ತಾವೇ ಬರೆದರು. ಕುಮಾವೂಂನಲ್ಲಿ ಪುಷ್ಯಮಾಸದಿಂದಲೇ ಹಾರ್ಮೋನಿಯಂ ತಬಲಗಳೊಡನೆ ಕುಳಿತು ರಾಗಬದ್ಧವಾಗಿ ಹೋಳಿ ಹಾಡುವ ಪದ್ಧತಿಯಿದೆ. ಆ ಬೈಠಕ್ಕುಗಳಲ್ಲಿ ಗಿರ್ದಾಗೆ ಸಿಗುತ್ತಿದ್ದ ಸಂತೋಷವೇ ಮೆರವಣಿಗೆಯ ಹಾಡುಗಳಿಗೂ ಹರಿದುಬಂತು. ಫೈಜ್ ಅಹಮದ್ ಫೈಜರು ದುಡಿವವರ ಕುರಿತು ಬರೆದ ಉರ್ದು ಗೀತೆಯನ್ನು ಕುಮಾವೂಂನಿಗೆ ತಂದಾಗ, ‘ಶ್ರಮಜೀವಿ’ ಎಂಬ ಒಂದು ಪದದ ಜಾಗದಲ್ಲಿ ಗಾರೆಯವ, ಕಮ್ಮಾರ, ಕೂಲಿಯವ ಎಂದು ಊರವರನ್ನೇ ಹೆಸರಿಟ್ಟು ಕರೆದರು. ಕೇಳುವವನಿಗೆ ಅದು ತನ್ನದೇ ಕಥೆ ಎನಿಸಿತು. ಚಳವಳಿಯ ಭಾಷೆ ಹೇಗಿರಬೇಕೆಂಬುದಕ್ಕೆ ಇದಕ್ಕಿಂತ ಒಳ್ಳೆಯ ಪಾಠ ನಮಗೆ ತಿಳಿದಿಲ್ಲ.

1994ರಲ್ಲಿ ಪ್ರತ್ಯೇಕ ರಾಜ್ಯದ ಹೋರಾಟ ತೀವ್ರವಾದಾಗ, ‘ನೈನಿತಾಲ್ ಸಮಾಚಾರ್’ ಪತ್ರಿಕೆಯವರು ಸಂಜೆ ಬಯಲಿನಲ್ಲಿ ಸುದ್ದಿ ಓದಿ ಹೇಳುತ್ತಿದ್ದರು. ಅಂದಂದಿನ ಘಟನೆಗಳನ್ನು ಪದ್ಯ ಕಟ್ಟಿ ಹಾಡುವುದು ಗಿರ್ದಾರ ಪಾಲಿಗೆ ಬಂದಿತ್ತು. 2000ದ ನವೆಂಬರ್ 9ರಂದು ರಾಜ್ಯವೇನೋ ಬಂತು. ಬೆಟ್ಟದ ಹಳ್ಳಿಗಳು ಬರಿದಾಗುವುದು ನಿಲ್ಲಲಿಲ್ಲ. ಗಿರ್ದಾ ಸುಮ್ಮನಾಗಲಿಲ್ಲ. ಕೊನೆಯ ವರ್ಷಗಳಲ್ಲಿ ನೀರಿನ ವ್ಯಾಪಾರದ ಮೇಲೆ, ನದಿಗಳ ಅಳಿವಿನ ಮೇಲೆ ಹಾಡಿದರು. ಅವರ ಅಂತಿಮಯಾತ್ರೆಯಲ್ಲಿ ನೈನಿತಾಲಿನ ಜನ ಅವರದೇ ಹಾಡುಗಳನ್ನು ಹಾಡುತ್ತ ನಡೆದರು.

ಹಾಡಿನಿಂದ ಗರಗಸ ನಿಲ್ಲುತ್ತದೆಯೇ ಎಂದು ಕೇಳುವವರಿದ್ದಾರೆ. ಹಾಡೊಂದರಿಂದಲೇ ನಿಲ್ಲುವುದಿಲ್ಲ, ನಿಜ. 1977ರಲ್ಲೂ ಬಂಧನಗಳಾದವು, ನವೆಂಬರ್ 28ರಂದು ನೈನಿತಾಲ್ ಕ್ಲಬ್ ಸುಟ್ಟುಹೋಯಿತು. ಆದರೆ ಸೋತ ದಿನದ ಮರುದಿನ ಜನ ಮತ್ತೆ ಕೂಡಬೇಕಾದರೆ ಕೂಡುವುದರಲ್ಲಿ ಒಂದು ಸುಖವಿರಬೇಕು. ನ್ಯಾಯಾಲಯದ ಕಡತ ಆ ಸುಖವನ್ನು ಕೊಡಲಾರದು. 1983ರಲ್ಲಿ ಚಿಪ್ಕೋದ ಸ್ಫೂರ್ತಿಯಿಂದಲೇ ಶಿರಸಿ ಸೀಮೆಯ ಸಾಲ್ಕಣಿಯಲ್ಲಿ ‘ಅಪ್ಪಿಕೋ’ ಹುಟ್ಟಿದಾಗ ಪಾದಯಾತ್ರೆಯೊಡನೆ ಬೀದಿನಾಟಕ, ಜನಪದ ಕುಣಿತಗಳೂ ಊರೂರು ತಿರುಗಿದ್ದವು.

ಇಂದು ನಮ್ಮ ಸಭೆಗಳಲ್ಲಿ ಮನವಿಪತ್ರಗಳಿವೆ, ನಕ್ಷೆಗಳಿವೆ, ವರದಿಗಳಿವೆ. ಅವೆಲ್ಲ ಬೇಕಾದವೇ. ಆದರೆ ಮುಂದಿನ ಸಾಲಿನಲ್ಲಿ ಕೂರುವವರ ತಲೆ ನರೆತಿದೆ; ಹಿಂದಿನ ಬೆಂಚಿನ ವಿದ್ಯಾರ್ಥಿಗಳು ಅರ್ಧಕ್ಕೇ ಎದ್ದು ಹೋಗುತ್ತಾರೆ. ಅವರನ್ನು ದೂರುವ ಮೊದಲು ನಾವು ಅವರಿಗೆ ಏನು ಕೊಟ್ಟೆವು ಎಂದು ಕೇಳಿಕೊಳ್ಳೋಣ. ಸಂಸಾರವಿದೆ, ನೌಕರಿಯಿದೆ, ಆದ್ದರಿಂದ ಚಳವಳಿ ತಮ್ಮಿಂದಾಗದು ಎನ್ನುವವರಿಗೂ ಗಿರ್ದಾರ ಬದುಕಿನಲ್ಲಿ ಉತ್ತರವಿದೆ.

ಓದುಗರಲ್ಲಿ ನಮ್ಮದೊಂದು ಬಿನ್ನಹ. ನಿಮ್ಮ ಊರಿನಲ್ಲಿ ನೆಟ್ಟಿಯ ಹಾಡು, ಸೊಪ್ಪಿನ ಬೆಟ್ಟದ ಹಾಡು, ಹೊಳೆಯ ಹಾಡು ಬಲ್ಲ ಹಿರಿಯರಿದ್ದರೆ ಈ ಮಳೆಗಾಲದಲ್ಲೇ ಅವರ ಬಳಿ ಕುಳಿತು ಬರೆದುಕೊಳ್ಳಿ, ಕಲಿತುಕೊಳ್ಳಿ. ಮುಂದಿನ ಸಭೆಗೆ ಬರುವಾಗ ಸಹಿ ಹಾಕಿದ ಅರ್ಜಿಯೊಡನೆ ಒಂದು ಹಾಡನ್ನೂ ತನ್ನಿ; ಮಕ್ಕಳನ್ನೂ ಕರೆತನ್ನಿ.