ಇಪ್ಪತ್ತೆಂಟನೇ ದಿನದ ಇಂಜೆಕ್ಷನ್

ಗ್ರೇಟರ್ ಬೆಂಗಳೂರು ಪ್ರಾಧಿಕಾರದ ಮುಖ್ಯ ಆಯುಕ್ತರಿಗೆ,

ಇಂದಿರಾನಗರದ ಐಸೊಲೇಷನ್ ಆಸ್ಪತ್ರೆ ತಮಗೆ ಗೊತ್ತಿರುವ ಜಾಗವೇ. ರೇಬೀಸ್ ಲಕ್ಷಣ ಕಾಣಿಸಿಕೊಂಡವರನ್ನು ಕರೆತರುವುದು ಅಲ್ಲಿಗೆ. ನೀರಿನ ಲೋಟ ಕಂಡರೇ ಗಂಟಲು ಬಿಗಿದು ಒದ್ದಾಡುವ ರೋಗಿಗೆ ಆ ಹೊತ್ತಿನಲ್ಲಿ ವೈದ್ಯರು ಮಾಡಬಹುದಾದದ್ದು ಬಹಳ ಕಡಿಮೆ. ಲಕ್ಷಣ ಶುರುವಾದ ಮೇಲೆ ಬದುಕುಳಿದವರು ಜಗತ್ತಿನಲ್ಲೇ ಬೆರಳೆಣಿಕೆಯಷ್ಟು. ನಾಯಿ ಕಚ್ಚಿದ ಕೂಡಲೇ ಸೋಪು ಹಚ್ಚಿ 15 ನಿಮಿಷ ನಲ್ಲಿ ನೀರಿನಡಿ ಗಾಯ ತೊಳೆದು, ತಡಮಾಡದೆ ಲಸಿಕೆ ಶುರು ಮಾಡಿ, ಗಾಯ ಆಳವಾಗಿದ್ದರೆ ಅದರೊಳಕ್ಕೆ ಇಮ್ಯುನೊಗ್ಲಾಬ್ಯುಲಿನ್ ಕೊಡಿಸಿದ್ದರೆ ಇದೇ ಸಾವು ತಪ್ಪುತ್ತಿತ್ತು.

ಐಸಿಎಂಆರ್‌ಗೆ ಸೇರಿದ ಚೆನ್ನೈನ ರಾಷ್ಟ್ರೀಯ ಸಾಂಕ್ರಾಮಿಕ ರೋಗಶಾಸ್ತ್ರ ಸಂಸ್ಥೆ 2022-23ರಲ್ಲಿ 15 ರಾಜ್ಯಗಳ 60 ಜಿಲ್ಲೆಗಳಲ್ಲಿ ಮನೆಮನೆ ಸಮೀಕ್ಷೆ ನಡೆಸಿತು. ದೇಶದಲ್ಲಿ ವರ್ಷಕ್ಕೆ ಸುಮಾರು 91 ಲಕ್ಷ ಮಂದಿಗೆ ಪ್ರಾಣಿಗಳು ಕಚ್ಚುತ್ತವೆ, ರೇಬೀಸ್‌ನಿಂದ ಸುಮಾರು 5,700 ಮಂದಿ ಸಾಯುತ್ತಾರೆ ಎಂಬುದು ಅದರ ಅಂದಾಜು. ಅದರಲ್ಲೇ ಇನ್ನೊಂದು ಅಂಕಿ ಇದೆ, ತಾವು ಮೇಜಿನ ಮೇಲೆ ಇಟ್ಟುಕೊಳ್ಳಬೇಕಾದದ್ದು. ನಾಯಿ ಕಚ್ಚಿಸಿಕೊಂಡ ಐವರಲ್ಲಿ ಒಬ್ಬರು ಲಸಿಕೆಯನ್ನೇ ಹಾಕಿಸಿಕೊಂಡಿರಲಿಲ್ಲ. ಶುರು ಮಾಡಿದವರಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಮಂದಿ ಪೂರ್ತಿ ಮಾಡಿರಲಿಲ್ಲ.

ಇದನ್ನು ಜನರ ಉದಾಸೀನ ಎಂದು ತಳ್ಳಿಹಾಕುವುದು ಅನ್ಯಾಯ. ಚರ್ಮದೊಳಗೆ ಕೊಡುವ ಲಸಿಕೆಗೆ 0, 3, 7 ಮತ್ತು 28ನೇ ದಿನ ಹೋಗಬೇಕು. ಮೂರನೇ ಸರದಿಯ ಹೊತ್ತಿಗೆ ಗಾಯ ಒಣಗಿ ಹಕ್ಕಳೆ ಕಟ್ಟಿರುತ್ತದೆ, ನೋವೂ ಇರುವುದಿಲ್ಲ. ಅಲ್ಲಿಂದ ಮೂರು ವಾರ ಕಾಯಬೇಕು. ಶಿವಾಜಿನಗರದ ರಸೆಲ್ ಮಾರ್ಕೆಟ್ಟಿನಲ್ಲಿ ಮೂಟೆ ಹೊರುವವರಿಗೆ, ಕೆ.ಆರ್. ಪುರಂ ಸಂತೆಯಲ್ಲಿ ಸೊಪ್ಪು ಮಾರುವವರಿಗೆ ಆಸ್ಪತ್ರೆಯ ಕ್ಯೂ ಎಂದರೆ ಅರ್ಧ ದಿನದ ಸಂಪಾದನೆ ಹೋದಂತೆ. ಬೌರಿಂಗ್ ಆಸ್ಪತ್ರೆಯಲ್ಲಿ ಶುರುವಾದ ಲಸಿಕೆಯ ಉಳಿದ ಸರದಿಗಳನ್ನು ಮನೆ ಹತ್ತಿರದ ಸರ್ಕಾರಿ ‘ನಮ್ಮ ಕ್ಲಿನಿಕ್’ನಲ್ಲಿ ಸಂಜೆ ಹಾಕಲಿ. ಹಿಂದಿನ ದಿನ ಅವರಿಗೊಂದು ಫೋನ್ ಹೋಗಲಿ. 2022ರ ಡಿಸೆಂಬರಿನಲ್ಲೇ ಕರ್ನಾಟಕ ಮಾನವ ರೇಬೀಸನ್ನು ಕಡ್ಡಾಯವಾಗಿ ವರದಿ ಮಾಡಬೇಕಾದ ಕಾಯಿಲೆಯೆಂದು ಘೋಷಿಸಿದೆ. ಸಾವನ್ನು ಬರೆದಿಡುವ ವ್ಯವಸ್ಥೆಗೆ ತಪ್ಪಿದ ಇಂಜೆಕ್ಷನ್ನನ್ನು ಬರೆದಿಡುವುದು ಕಷ್ಟವಾಗಬಾರದು.

ಇನ್ನು ನಾಯಿಗಳ ಮಾತು. ಕೋಲ್ಕತಾದ ಐಸರ್ ವಿಜ್ಞಾನ ಸಂಸ್ಥೆಯ ಅನಿಂದಿತಾ ಭದ್ರ ಅವರ ತಂಡ 160 ಬೀದಿನಾಯಿಗಳ ಮುಂದೆ ಎರಡು ಬಟ್ಟಲು ಇಟ್ಟು, ಒಂದರತ್ತ ಕೈ ತೋರಿಸಿ ನೋಡಿತು. ಹತ್ತಿರ ಬಂದ ನಾಯಿಗಳಲ್ಲಿ ಶೇ. 80ರಷ್ಟು, ಯಾವ ತರಬೇತಿಯೂ ಇಲ್ಲದೆ, ತೋರಿಸಿದ ಬಟ್ಟಲಿಗೇ ಹೋದವು. ಆದರೆ ಸುಮಾರು ಅರ್ಧದಷ್ಟು ಹತ್ತಿರವೇ ಸುಳಿಯಲಿಲ್ಲ. ಮನುಷ್ಯರಿಂದ ಏಟು ತಿಂದ ಅನುಭವ ಅವಕ್ಕೆ ಇರಬಹುದು ಎಂದು 2020ರಲ್ಲಿ ಪ್ರಕಟವಾದ ಆ ಅಧ್ಯಯನ ಊಹಿಸಿತು.

ಬೀದಿನಾಯಿಗಳಿಗೆ ರೇಬೀಸ್ ಲಸಿಕೆ ಹಾಕಲು ಹೊರಟಾಗ ಅದು ತಪ್ಪಿಹೋಗುವ ಸಂಭವ ಹೆಚ್ಚಿರುವುದು ಈ ಹತ್ತಿರ ಸುಳಿಯದ ನಾಯಿಗಳಿಗೇ. ಬಲೆ ಹಿಡಿದು ಅಟ್ಟಿಸಿಕೊಂಡು ಹೋದಷ್ಟೂ ಅವು ದೂರವಾಗುತ್ತವೆ. ಹಲಸೂರಿನ ಗಲ್ಲಿಗಳಲ್ಲಿ ದಿನವೂ ಅನ್ನ ಹಾಕುವವರ ಕೈಗೆ ಅವೇ ನಾಯಿಗಳು ಮೂತಿ ಒಡ್ಡುತ್ತವೆ. ಲಸಿಕೆ ತಂಡದ ಜೊತೆ ಅವರಿರಲಿ. ರೋಗದ ಸರಪಳಿ ಕಡಿಯಲು ಶೇ. 70ರಷ್ಟು ನಾಯಿಗಳಿಗೆ ಲಸಿಕೆ ಬೇಕು. 2023ರ ಎಣಿಕೆಯಂತೆ ಆಗಿನ ಬಿಬಿಎಂಪಿ ವ್ಯಾಪ್ತಿಯಲ್ಲಿದ್ದ ಬೀದಿನಾಯಿಗಳು ಸುಮಾರು 2.79 ಲಕ್ಷ. ಕೇಂದ್ರ ಪಾಲಿಕೆ, ಪೂರ್ವ ಪಾಲಿಕೆ ಎಂದು ನಗರ ಹಂಚಿಹೋದ ಮೇಲೆ ಗಡಿಯ ವಾರ್ಡುಗಳಲ್ಲಿ ಎರಡೂ ಕಡೆಯವರು ಒಂದೇ ವಾರ ಈ ಕೆಲಸ ಮಾಡುವಂತೆ ನೋಡಿಕೊಳ್ಳಬೇಕಾದವರು ತಾವು.

ಇಪ್ಪತ್ತೆಂಟನೇ ದಿನ ಬಾರದೆ ಉಳಿದವರೆಷ್ಟು ಎಂಬ ಲೆಕ್ಕವನ್ನು ಪ್ರತಿ ತಿಂಗಳೂ ವಾರ್ಡುವಾರು ಪ್ರಕಟಿಸಿ. ಶಿವಾಜಿನಗರ ಮತ್ತು ಕೆ.ಆರ್. ಪುರಂಗಳಿಂದಲೇ ಅದು ಶುರುವಾಗಲಿ.